ನಾನು ಹೇಳದ ಹೆಸರು

ಮದುವೆಯಾದಂದಿನಿಂದ ಒಂದು ಹೆಸರನ್ನು ಬಾಯಿಬಿಡದೆ ಕಾಪಾಡಿಕೊಂಡು ಬಂದವಳು ನಾನು. ಅದನ್ನು ಸಿಂದಗಿಯ ಇಂಟರ್‌ನೆಟ್ ಅಂಗಡಿಯಲ್ಲಿ, ಅದೂ ತುಟಿ ಬಿಚ್ಚದೆ, ಕಳೆದುಕೊಂಡೆನೆಂದರೆ ಯಾರು ನಂಬುತ್ತಾರೆ?

ಸಿಂದಗಿಗೆ ಆಗಷ್ಟೇ ಇಂಟರ್‌ನೆಟ್ ಬಂದಿತ್ತು. ಮೊಮ್ಮಗಳು ಜಯಮಾಲಾಳಿಗೆ ಇನ್ನೂ ಹದಿಮೂರು ತುಂಬಿರಲಿಲ್ಲ. ಅವಳ ಗೆಳತಿ ಮಂಜರಿಯ ಅಪ್ಪನಿಗೆ ಧಾರವಾಡಕ್ಕೆ ವರ್ಗವಾದಂದಿನಿಂದ ಹುಡುಗಿ ರೊಟ್ಟಿ ಮುರಿದು ಹಾಗೇ ಇಡುತ್ತಿದ್ದಳು. ಅಂಚೆಯಲ್ಲಿ ಪತ್ರ ಬಂದರೆ ಮನೆಯವರೆಲ್ಲ ಓದುತ್ತಾರೆಂದು ಅವಳ ದೂರು. (ಓದಿಸಿ ಕೇಳುವವಳು ನಾನೇ.) ಮಂಜರಿ ಕಂಪ್ಯೂಟರಿನಲ್ಲಿ ಮಕ್ಕಳ ಅಂಚೆಪೆಟ್ಟಿಗೆ ತೆಗೆದಿದ್ದಾಳಂತೆ, ಇವಳಿಗೂ ಒಂದು ಬೇಕು. ಸೊಸೆ ಸುನಂದಾ ಶಾಲೆಯಲ್ಲಿ ಕಲಿಸುವವಳು, ಬಿಡುವಿಲ್ಲ. ಕಾವಲಿಗೆ ನನ್ನನ್ನು ಕಳಿಸಿದಳು. ದೇವರ ಹಿಪ್ಪರಗಿಯಲ್ಲಿ ಬಸ್ಸು ಹತ್ತಿ, ಕೋಟೆ ಕಾಯುವ ದಳವಾಯಿಯ ಠೀವಿಯಲ್ಲಿ ಹೊರಟೆ.

ಅಂಗಡಿಯ ಅಮೀನುದ್ದೀನ ಪರದೆ ಓದಿ ತಲೆ ಕೆರೆದುಕೊಂಡ. ಹದಿಮೂರು ತುಂಬದ ಮಕ್ಕಳ ಹೆಸರು, ವಿಳಾಸ ಬರೆದಿಟ್ಟುಕೊಳ್ಳಬೇಕಾದರೆ ಹಿರಿಯರ ಅಪ್ಪಣೆ ಬೇಕೆಂದು ಆ ಪೆಟ್ಟಿಗೆ ನಡೆಸುವವರ ದೂರದ ದೇಶದಲ್ಲಿ ಕಾಯ್ದೆಯಂತೆ. ನಮ್ಮಲ್ಲಿ ಇನ್ನೂ ಇಲ್ಲವಂತೆ.

"ಹುಟ್ಟಿದ ವರ್ಷ ಸ್ವಲ್ಪ ಹಿಂದ ಹಾಕೂಣ್ರಿ ಅಮ್ಮಾರ. ಎಲ್ಲಾರೂ ಹಂಗ ಮಾಡ್ತಾರ."

"ಅಕಿ ಹುಟ್ಟಿದ್ದು ಕಾರಹುಣ್ಣಿವಿ ದಿನಾ, ಎತ್ತಿನ ಕೊಂಬಿಗೆ ಬಣ್ಣ ಹಚ್ಚೂ ಹೊತ್ತಿಗೆ. ಆ ಎತ್ತು ಇನ್ನೂ ಐತಿ. ಅದರ ಮುಂದ ನಾ ಹ್ಯಾಂಗ ಸುಳ್ಳ ಹೇಳ್ಲಿ?"

ಅಪ್ಪಣೆ ದಯಪಾಲಿಸಿದೆ. ಪರದೇಶದ ಕಾಯ್ದೆಯೊಂದು ನನ್ನ ಮಾತಿಗೆ ಕಾದು ನಿಂತಿತ್ತು. (ಮನೆಯಲ್ಲಿ ಸಾರಿಗೆ ಉಪ್ಪು ಹಾಕುವಾಗಲೂ ಯಾರೂ ನನ್ನನ್ನು ಕೇಳುವುದಿಲ್ಲ.)

ಆಮೇಲೆ ಪೆಟ್ಟಿಗೆಗೊಂದು ಕೀಲಿ ಬೇಕಾಯಿತು. ಪಾಸ್‌ವರ್ಡ್ ಅಂತೆ, ಅದು ಯಾರ ಬಾಯಿಗೂ ಬೀಳಬಾರದಂತೆ. ಜಯಮಾಲಾ ನನ್ನ ಮುಖ ನೋಡಿ ನಕ್ಕು, ನನ್ನ ಕಿವಿಯಲ್ಲಿ ಹೇಳಿ, ತನ್ನ ಮುತ್ಯಾನ, ಅಂದರೆ ನನ್ನ ಯಜಮಾನರ, ಹೆಸರನ್ನೇ ಇಟ್ಟಳು. ಜಾಣೆ. ಗಂಡನ ಹೆಸರನ್ನು ಅವರಿದ್ದಾಗಲೂ ನಾನು ಹೇಳಲಿಲ್ಲ, ಹೋದ ಮೇಲೂ ಹೇಳಿಲ್ಲ. ಮದುವೆಯ ದಿನ, ಆ ಹೆಸರು ಸೇರಿಸಿ ಒಡಪಿನ ಪದ ಕಟ್ಟಿ ಹೇಳೆಂದು ನೆರೆದವರು ಬಾಗಿಲಲ್ಲಿ ತಡೆದಾಗ ಕೆಮ್ಮು ಬಂದವಳಂತೆ ಒಳಗೆ ನುಸುಳಿದವಳು.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಹಿಗ್ಗಿನಲ್ಲಿ, ಬೆಂಚಿನ ಮೇಲೆ ಸರದಿಗೆ ಕೂತಿದ್ದ ನಮ್ಮೂರವರ ಕಡೆ ತಿರುಗಿ, ನಮ್ಮ ಕೀಲಿ ಯಾರಿಗೂ ಸಿಗಲಾರದು, ಅದು ನನ್ನ ಬಾಯಿಂದ ಎಂದೂ ಬಾರದ ಹೆಸರು ಎಂದು ಸಾರಿದೆ. ಎಲ್ಲರೂ ತಲೆದೂಗಿದರು.

ಅಷ್ಟರಲ್ಲಿ ಅಮೀನುದ್ದೀನ, ಅಪ್ಪಣೆ ಕೊಟ್ಟವರ ಪೂರ್ತಿ ಹೆಸರು ಕೇಳುತ್ತಿದೆ ಎಂದ. ಹೊನ್ನವ್ವ ಎಂದೆ.

"ಮುಂದ? ಗಂಡನ ಹೆಸರ?"

ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ನಮ್ಮ ಕಡೆ ಹೆಂಗಸು ಹೀಗೆ ಸುಮ್ಮನಾದರೆ ಪಕ್ಕದವರು ಹೇಳಿಕೊಡುವುದು ಧರ್ಮ. ಪಂಚಾಯಿತಿಯಲ್ಲಾಗಲಿ, ದವಾಖಾನೆಯಲ್ಲಾಗಲಿ, ನನ್ನ ಕೆಲಸ ನಡೆದಿದ್ದೇ ಹೀಗೆ. ಬೆಂಚಿನವರು ಪುಣ್ಯ ಕಟ್ಟಿಕೊಳ್ಳುವ ಆತುರದಲ್ಲಿ ಒಂದೇ ಕೊರಳಲ್ಲಿ ಕೂಗಿದರು:

"ಧರೆಪ್ಪ!"

ಕೂಗಿದ ಮೇಲೆ ಎಲ್ಲರಿಗೂ ಹೊಳೆಯಿತು. ಒಬ್ಬ ನಾಲಿಗೆ ಕಚ್ಚಿಕೊಂಡ, ಉಳಿದವರು ನಕ್ಕರು. ಜಯಮಾಲಾಳ ಕಣ್ಣುಗಳು ತುಂಬಿದವು.

"ಇನ್ನ ಎಲ್ಲಾರೂ ನನ್ನ ಪತ್ರ ಓದ್ತಾರ, ಆಯಿ."

ಅಮೀನುದ್ದೀನ ನಗು ನುಂಗಿಕೊಂಡು, ಕೀಲಿ ಬದಲಿಸಬಹುದು ಎಂದ. ಹುಡುಗಿ ಕಣ್ಣೊರೆಸಿಕೊಂಡು ಅಂಗಡಿಯಲ್ಲಿದ್ದವರನ್ನೆಲ್ಲ ಗೋಡೆಗೆ ಮುಖಮಾಡಿಸಿ ನಿಲ್ಲಿಸಿದಳು. ನನಗಾದರೂ ರಿಯಾಯಿತಿ ಇದ್ದೀತೆಂದು ಕಿವಿ ಒಡ್ಡಿದೆ.

"ನೀನೂ ಆ ಕಡೆ ತಿರುಗು, ಆಯಿ."

"ಅಪ್ಪಣಿ ಕೊಟ್ಟಾಕಿ ನಾನಲ್ಲೇನ?"

"ಪೆಟ್ಟಿಗಿ ತಗಿಯಾಕ ಕೊಟ್ಟಿ. ಓದಾಕ ಅಲ್ಲ."

ತಿರುಗಿದೆ. ಹಿಂದೆ ಕೀಲಿಮಣೆಯ ಟಕಟಕ ಸದ್ದು, ಆಮೇಲೆ ಅವಳ ಸಣ್ಣ ನಗು. ಬಹಳ ದಿನದ ಮೇಲೆ ಕೇಳಿದ ನಗು. ನಮ್ಮ ದೇಶದಲ್ಲೂ ಒಂದು ದಿನ ಇಂಥ ಕಾಯ್ದೆ ಬಂದೇ ಬರುತ್ತದೆ, ಬರೆಯುವವರು ಅಜ್ಜಿಯರ ಸಲುವಾಗಿಯೂ ಒಂದು ಕಲಮು ಸೇರಿಸಲಿ ಎಂದುಕೊಂಡೆ.

ಮರಳುವ ಬಸ್ಸು ಹೊರಡುವ ಹೊತ್ತಿಗೆ ಓಡೋಡಿ ಹತ್ತಿದೆವು. ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸು ಬಸ್ಸಿನ ವಾಡಿಕೆಯಂತೆ ಶುರುಮಾಡಿದಳು: ಹುಡುಗಿ ಯಾರ ಮಗಳು, ಎಷ್ಟನೆಯ ಇಯತ್ತೆ, ಹೆಸರೇನು. ಮುಂಜಾನೆಯ ಹೊನ್ನವ್ವನಾಗಿದ್ದರೆ ಸಿಂದಗಿ ದಾಟುವಷ್ಟರಲ್ಲಿ ಹುಡುಗಿಯ ಜಾತಕವನ್ನೇ ಒಪ್ಪಿಸಿರುತ್ತಿದ್ದೆ. ಈಗ ಬಲು ಗಂಭೀರವಾಗಿ, "ಅಕಿ ಸುದ್ದಿ ನಾ ಹೇಳಂಗಿಲ್ರಿ, ಅಕಿನ್ನ ಕೇಳ್ರಿ," ಎಂದೆ. ಜಯಮಾಲಾ ನನ್ನ ಕೈ ಹಿಡಿದುಕೊಂಡಳು. ನಾನು ಗೆದ್ದವಳಂತೆ ಬೆನ್ನು ನೆಟ್ಟಗೆ ಮಾಡಿ ಕೂತೆ.

ಆ ಹೆಂಗಸು, ನಮಗಿಂತ ಮೊದಲೇ ಹತ್ತಿ ಹಿಂದಿನ ಸೀಟಿನಲ್ಲಿ ಕೂತು ಮುಸಿಮುಸಿ ನಗುತ್ತಿದ್ದ ಬೆಂಚಿನವರನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ಹೇಳಂಗಿಲ್ಲ ಅಂದಕೂಡ್ಲೆ ಗುರ್ತ ಸಿಕ್ತು ಬಿಡ್ರಿ," ಎಂದಳು. "ಧರೆಪ್ಪನ ಹೊನ್ನವ್ವ ನೀವ ಹೌದಲ್ರಿ?"