ಮಾವನ ಸೊಂಟಕ್ಕೊಂದು ಬಿಸಿ ಸೀಟು

ದೇವರು ಮನುಷ್ಯನಿಗೆ ಸೊಂಟ ಕೊಟ್ಟದ್ದು ಬಾಗಲಿ ಎಂದು. ಆದರೆ ದರ್ಜಿಯ ಮನೆಗೆ ಬಂದಿದ್ದ ಮಾವನ ಸೊಂಟ ಬಾಗುತ್ತಲೂ ಇರಲಿಲ್ಲ, ಅಲ್ಲಿಂದ ಕದಲುತ್ತಲೂ ಇರಲಿಲ್ಲ.

ಈ ಮಾವ ದರ್ಜಿಯ ಹೆಂಡತಿಗೆ ಸೋದರಮಾವ. ಎರಡು ದಿನಕ್ಕೆಂದು ಬಂದವರು, ಚಳಿ ಹಿಡಿದುಕೊಂಡ ಮೇಲೆ, ಅಂಗಡಿಯ ಹೀಟರಿನ ಪಕ್ಕದ ಕುರ್ಚಿಯಲ್ಲಿ ಬೇರುಬಿಟ್ಟರು. ಕೂತದ್ದಕ್ಕೆ ದರ್ಜಿಗೆ ಬೇಸರವಿರಲಿಲ್ಲ. ಬೇಸರವೆಲ್ಲ ಅವರ ಬಾಯಿಯ ಮೇಲೆ. ಗಿರಾಕಿಯ ಹೊಟ್ಟೆಯ ಸುತ್ತಳತೆಯನ್ನು ದರ್ಜಿ ಗುರು ಕೊಟ್ಟ ಮಂತ್ರದಂತೆ ತುಟಿಯೊಳಗೇ ಹೇಳಿಕೊಳ್ಳುವವನು. ಮಾವನೋ ಟೇಪನ್ನು ಇಣುಕಿ ನೋಡಿ ಬೀದಿಗೆಲ್ಲ ಕೇಳುವಂತೆ ಸಾರುವವರು. ಆ ಬೆಳಿಗ್ಗೆ ಮದುಮಗನ ತಂದೆಯೊಬ್ಬರು ಕೋಟಿಗೆ ಅಳತೆ ಕೊಡುತ್ತಿದ್ದರು. ಮಾವ ಕುರ್ಚಿಯಿಂದಲೇ, "ಉಸಿರು ಬಿಡಿ ಸ್ವಾಮಿ. ಎಷ್ಟು ಹೊತ್ತು ಅಂತ ಹೊಟ್ಟೆ ಒಳಗೆಳ್ಕೊಂಡಿರ್ತೀರಿ?" ಎಂದುಬಿಟ್ಟರು. ಗಿರಾಕಿ ಉಸಿರು ಬಿಟ್ಟರು, ಬಟ್ಟೆ ಎತ್ತಿಕೊಂಡು ಅಂಗಡಿಯನ್ನೂ ಬಿಟ್ಟರು. ಮದುವೆಗಳ ಕಾಲ. ಇನ್ನು ಸ್ವಲ್ಪ ದಿನ ಹೀಗೇ ನಡೆದರೆ ದರ್ಜಿ ತನ್ನ ಬಟ್ಟೆಯನ್ನು ತಾನೇ ಹೊಲಿದು ತಾನೇ ಬಿಚ್ಚುತ್ತ ಕೂರಬೇಕಾಗಿತ್ತು.

ದರ್ಜಿ ನಯವಾಗಿ ಮಾವನ ಊರಿನ ಮಾತೆತ್ತಿದ. ಅಲ್ಲಿ ಎಲ್ಲರೂ ನಿಮ್ಮನ್ನು ನೆನೆಯುತ್ತಿರಬಹುದು ಎಂದ.

"ನಂಗೂ ಹೋಗ್ಬೇಕು ಅಳಿಯಂದ್ರೇ," ಎಂದರು ಮಾವ. "ಬಸ್ಸಿನ ಸೀಟು ಮಂಜುಗಡ್ಡೆ, ಸೊಂಟ ಸೆಟೆದುಕೊಳ್ಳುತ್ತೆ. ನಿಮ್ಮ ಕಾರಲ್ಲಿ ಬಿಸಿ ಸೀಟಿದೆಯಲ್ಲ, ಅದು ಬೆಚ್ಚಗಾಗೋ ಹಾಗೆ ಮಾಡಿ. ಇವತ್ತೇ ಹೊರಡೋಣ."

ತೊಡಕಿದ್ದದ್ದು ಅಲ್ಲಿಯೇ. ದರ್ಜಿಯ ಕಾರು ಮುದಿ ಎತ್ತಿನಂಥದು. ನಡೆಯುತ್ತದೆ, ಆದರೆ ನಿಟ್ಟುಸಿರು ಬಿಡುತ್ತ. ಮುಂದಿನ ಎರಡು ಸೀಟುಗಳೊಳಗೂ ಬಿಸಿಯಾಗುವ ತಂತಿಯಿತ್ತು. ಓಡಿಸುವವನ ಪಕ್ಕದ ಸೀಟಿನದು ಮಾತ್ರ ಹೋದ ಚಳಿಗಾಲದಲ್ಲೇ ತಣ್ಣಗಾಗಿತ್ತು. ಮಾವನ ಬಾಯಿಂದ 'ಇವತ್ತೇ' ಎಂಬ ಮಾತು ಬಂದದ್ದೇ ದೈವಕೃಪೆ ಎಂದು ದರ್ಜಿ ಅಂಗಡಿಯ ಬಾಗಿಲೆಳೆದು ಕಾರಿಗೆ ಕೈಹಾಕಿದ.

ಮೊದಲು ಬಂದವನು ಪಕ್ಕದ ಅಂಗಡಿಯ ಕ್ಷೌರಿಕ, ಹಿಂದೆಯೇ ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಅವನ ಗಿರಾಕಿ. ಇದು ಫ್ಯೂಸಿನ ಕೆಲಸವೇ, ಬೇರೆ ಮಾತಿಲ್ಲ ಎಂದ ಕ್ಷೌರಿಕ, ಬಿಳಿಗೂದಲು ಆಯುವಂತೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತ. ಹಾರ್ನ್ ಮೂಕವಾಯಿತು. ವೈಪರ್ ಗಾಜಿನ ನಡುವೆ ಸಲಾಮು ಹೊಡೆದು ನಿಂತಿತು. ಎಲ್ಲವನ್ನೂ ಮತ್ತೆ ಸಿಕ್ಕಿಸಿದಾಗ ರೇಡಿಯೋ ಗಂಟಲು ಹರಿಯುವಂತೆ ಅರಚಿತು: ಚಳಿ ಇನ್ನೂ ಹೆಚ್ಚಲಿದೆ. ಕಿಟಕಿಯಲ್ಲಿದ್ದ ಮಾವ ಶಾಲನ್ನು ಇನ್ನೊಂದು ಸುತ್ತು ಸುತ್ತಿಕೊಂಡರು. ಸೀಟು ಬಿಸಿಯಾಗಲಿಲ್ಲ.

ಗಲಾಟೆಗೆ ಮಹಡಿಯಿಂದ ರೇಡಿಯೋ ಅಕ್ಕ ಇಳಿದು ಬಂದರು. ರೇಡಿಯೋ ರಿಪೇರಿ ಅವರ ಕಸುಬು, ಕೈಯಲ್ಲಿ ಮೀಟರು.

"ನಿಮ್ಮ ಸೀಟು ಬಿಸಿಯಾಗುತ್ತಾ?" ಎಂದು ದರ್ಜಿಯನ್ನು ಕೇಳಿದರು.

"ಆಗುತ್ತಕ್ಕ, ಚೆನ್ನಾಗೇ ಆಗುತ್ತೆ."

"ಎರಡಕ್ಕೂ ಒಂದೇ ಫ್ಯೂಸು. ಅದು ಸರಿ ಇರೋದ್ರಿಂದ ತಾನೇ ನಿಮ್ಮದು ಬಿಸಿಯಾಗೋದು? ಮತ್ತೆ ಎಲ್ಲಾ ಯಾಕೆ ಕಿತ್ತಿರಿ?"

"ನಿಮ್ಮ ಸೀಟು ಬಿಸಿಯಾಗುತ್ತಾ ಅಂತ ಇವನು ಕೇಳ್ಲೇ ಇಲ್ಲ," ಎಂದ ದರ್ಜಿ. ಕ್ಷೌರಿಕ ಆಕಾಶ ನೋಡಿದ.

ಅಕ್ಕ ಸೀಟಿನಡಿಯ ತಂತಿಗೆ ಮೀಟರು ಹಚ್ಚಿದರು. ತಂತಿ ಕೂಡಿಕೊಂಡಿದ್ದರೆ ಕೂಗಬೇಕಾದ ಮೀಟರು ಮೌನವಾಗಿತ್ತು. ಒಳಗೆಲ್ಲೋ ತಂತಿ ಕಡಿದಿದೆ, ಕವರು ಬಿಚ್ಚಬೇಕು ಎಂದರು. ಬಿಚ್ಚುವುದು ದರ್ಜಿಗೆ ಹೊಸದೇ? ಹೊಲಿಗೆ ಬಿಡಿಸಿ, ಕವರನ್ನು ಹಿಡಿದಿದ್ದ ತಂತಿಯುಂಗುರಗಳನ್ನು ಕಳಚಿ ಕವರನ್ನು ಮಗುವಿನ ಅಂಗಿಯಂತೆ ಮೇಲಕ್ಕೆಳೆದ. ಕೆಳಗೆ ತೆಳ್ಳನೆಯ ಹಾಸು, ಅದರ ತುಂಬ ಕಚ್ಚಾ ಹೊಲಿಗೆಯಂತೆ ಅಂಕುಡೊಂಕಾಗಿ ಓಡಿದ ತಂತಿ. ಒಂದು ಕಡೆ ಸುಟ್ಟ ಕಲೆ, ಅಲ್ಲೇ ತಂತಿ ತುಂಡಾಗಿತ್ತು. ಅಕ್ಕ ಬೆಸುಗೆ ಹಾಕಿದರು. ಮೀಟರು ಗುಬ್ಬಚ್ಚಿಯಂತೆ ಚಿಲಿಪಿಲಿಗುಟ್ಟಿತು. ಅರ್ಧ ಗಡ್ಡದವರು ಚಪ್ಪಾಳೆ ತಟ್ಟಿದರು.

ಆಗಲೇ ದರ್ಜಿಯ ಕಣ್ಣಿಗೆ ಹಾಸಿನ ಅಂಚಿನಲ್ಲಿ ಹೊರಚಾಚಿದ್ದ ದಾರದ ಕುಡಿಯೊಂದು ಬಿತ್ತು. ಇಷ್ಟು ವರ್ಷದ ಅಭ್ಯಾಸ. ಕೈ ಮನಸ್ಸನ್ನು ಕೇಳಲಿಲ್ಲ. ಕತ್ತರಿ ಕಚಕ್ ಎಂದಿತು. ಮೀಟರು ಸುಮ್ಮನಾಯಿತು.

"ಏನು ಕತ್ತರಿಸಿದಿರಿ?" ಎಂದರು ಅಕ್ಕ, ಬಹಳ ಮೆಲ್ಲಗೆ.

"ದಾರ."

"ದಾರದೊಳಗೆ ತಾಮ್ರ ಇರುತ್ತಾ?"

ಅದು ಕರೆಂಟು ಒಳಗೆ ಬರುವ ಮೂಲ ತಂತಿ, ಬುಡಕ್ಕೇ ತುಂಡಾಗಿತ್ತು. ಅಕ್ಕ ಕತ್ತರಿಯನ್ನು ಕಸಿದು ತಮ್ಮ ಜೇಬಿಗೆ ಹಾಕಿಕೊಂಡು, ಮಹಡಿಯಿಂದ ಬೇರೆ ತಂತಿ ತಂದು ಜೋಡಿಸಿದರು. ಜೋಡಣೆಗೆ ತೊಡಿಸಿದ ಪ್ಲಾಸ್ಟಿಕ್ ಕೊಳವೆ ಬಿಸಿಗೆ ಬಿಗಿಯಾಗಬೇಕಿತ್ತು. ಕ್ಷೌರಿಕ ಕೂದಲು ಒಣಗಿಸುವ ಯಂತ್ರ ತಂದು ಫ್ಯೂಸಿನ ಪಾಪ ತೊಳೆದುಕೊಂಡ. ಅರ್ಧ ಗಡ್ಡದವರು ಟಾರ್ಚು ಹಿಡಿದರು. ಉಳಿದ ಅರ್ಧವನ್ನು ಅವರು ಆಗಲೇ ಮರೆತಿದ್ದರು. ತಂತಿಗೆ ಸೂಜಿ ತಾಗದಂತೆ ದರ್ಜಿ ಕಾರಿನೊಳಗೆ ಅಂಗಾತ ಮಲಗಿ ಕವರು ಹೊಲಿದು ಮುಗಿಸುವಾಗ ಸಂಜೆ. ಅಷ್ಟರಲ್ಲಿ ಮುಚ್ಚಿದ ಬಾಗಿಲು ನೋಡಿ ಎಷ್ಟು ಗಿರಾಕಿಗಳು ತಿರುಗಿ ಹೋದರೋ, ದೇವರೇ ಬಲ್ಲ.

ಮಾವ ಬಂದು ಕೂತರು. ಎಲ್ಲರೂ ಉಸಿರು ಹಿಡಿದು ಅವರ ಮುಖ ನೋಡಿದರು. ಬಿಸಿಲಿಗಿಟ್ಟ ಬೆಣ್ಣೆಯಂತೆ ಆ ಮುಖ ಮೆಲ್ಲಗೆ ಕರಗಿತು. "ಹೊರಡೋಣ," ಎಂದರು. ಚೀಲ ಕಾರಿಗೇರಿತು. ದರ್ಜಿಗೆ ಸ್ವರ್ಗದ ಬಾಗಿಲು ತೆರೆದ ಸದ್ದು ಕೇಳಿಸಿತು.

ದಾರಿಯುದ್ದಕ್ಕೂ ಮಾವ ಕಣ್ಣು ಮುಚ್ಚಿ, ಆಗಾಗ ಸೀಟನ್ನು ತಟ್ಟಿ ನೋಡುತ್ತ ಸುಮ್ಮನೆ ಕೂತರು. ಅವರ ಮನೆಯ ಮುಂದೆ ದರ್ಜಿ ಚೀಲವನ್ನು ಹಾರಿಬಿದ್ದು ಇಳಿಸಿದ. ಎಂಜಿನ್ ಆರಿಸಬೇಡಿ, ಸೀಟು ತಣ್ಣಗಾಗುತ್ತೆ ಎಂದು ಹೇಳಿ ಮಾವ ಒಳಗೆ ಹೋದರು. ಯಾಕೆಂದು ದರ್ಜಿ ಯೋಚಿಸುವಷ್ಟರಲ್ಲಿ ಬಾಗಿಲು ತೆರೆಯಿತು. ಮಾವನ ಮಗ ಮತ್ತು ಸೊಸೆ, ಜೀವಮಾನದಲ್ಲಿ ಅಷ್ಟು ಚುರುಕಾಗಿ ನಡೆದಿರದವರು, ಒಂದು ಟ್ರಂಕನ್ನು ಓಡೋಡಿ ತಂದು ಡಿಕ್ಕಿಗೆ ಹಾಕಿದರು. ಹಿಂದೆಯೇ ಮಾವನ ಕೈ ಹಿಡಿದು, ಶಾಲು ಹೊದ್ದು, ಅವರ ಅಕ್ಕ ಬಂದರು. ದರ್ಜಿಯ ಹೆಂಡತಿಗೆ ಅವರು ದೊಡ್ಡಮ್ಮ.

"ಮುಂದಿನ ಸೀಟಲ್ಲಿ ಕೂತ್ಕೋ ಅಕ್ಕ," ಎಂದರು ಮಾವ. "ಅಲ್ಲಿಂದ ಇಲ್ಲಿವರೆಗೂ ನಾನೇ ಕೂತು ನೋಡಿದೀನಿ. ಎಲ್ಲೂ ತಣ್ಣಗಾಗಲ್ಲ." ಆಮೇಲೆ ತಮ್ಮ ಚೀಲವನ್ನು ಮತ್ತೆ ಕಾರಿನೊಳಗಿಟ್ಟು ಹಿಂದಿನ ಸೀಟಿಗೆ ಹತ್ತಿದರು. "ಇವಳ ಸೊಂಟ ನನ್ನದಕ್ಕಿಂತ ಹಾಳು ಅಳಿಯಂದ್ರೇ. ಬಸ್ಸಲ್ಲಿ ಕರ್ಕೊಂಡು ಬರೋಕಾಗದೆ ಇಷ್ಟು ದಿನ ನಾನೊಬ್ಬನೇ ನಿಮ್ಮನೇಲಿ ಇರಬೇಕಾಯ್ತು. ಇನ್ನು ಚಿಂತೆ ಇಲ್ಲ, ಚಳಿ ಮುಗಿಯೋವರೆಗೂ ಇಬ್ಬರೂ ಇರ್ತೀವಿ."

ಸೊಸೆ ಗೇಟಿನಲ್ಲಿ ನಿಂತು, ಕಾರು ಮರೆಯಾಗುವವರೆಗೂ ಭಕ್ತಿಯಿಂದ ಕೈ ಬೀಸಿದಳು.

ಸ್ವಲ್ಪ ದೂರ ಸಾಗಿದ ಮೇಲೆ ದೊಡ್ಡಮ್ಮ ಬೆರಳಿನಿಂದ ಸೀಟಿನ ಅಂಚನ್ನು ಉದ್ದಕ್ಕೂ ಸವರಿ, ಈ ಹೊಲಿಗೆ ಯಾರದ್ದು ಎಂದು ಕೇಳಿದರು. ಎಲ್ಲ ಹೋದರೂ ಕಸುಬಿನ ಹೆಮ್ಮೆ ಉಳಿದಿತ್ತು. ನನ್ನದೇ ಎಂದ ದರ್ಜಿ.

"ಇರಲಿ ಬಿಡಪ್ಪ," ಎಂದರು ದೊಡ್ಡಮ್ಮ ಕನಿಕರದಿಂದ. "ನಾಳೆಯಿಂದ ಅಂಗಡೀಲಿ ನಿನ್ನ ಪಕ್ಕದಲ್ಲೇ ಕೂತು ಹೇಳಿಕೊಡ್ತೀನಿ."