ದಿಗಿಲಿನ ಗೆರೆ

ಹಾಲಿನ ಕೇಂದ್ರಕ್ಕೆ ಹಾಲು ತಣ್ಣಗಿಡುವ ಹೊಸ ಯಂತ್ರ ಬಂದು ಎಂಟು ದಿನವಾಗಿತ್ತು. ಅದರ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಆಪರೇಟರ್ ಎಂಟು ದಿನವೂ ಕಂಕುಳಲ್ಲಿ ಇಟ್ಟುಕೊಂಡೇ ಓಡಾಡಿದ್ದ. ಅದರಲ್ಲಿ ಅವನಿಗೆ ಅರ್ಥವಾಗಿದ್ದು ರಟ್ಟಿನ ಮೇಲಿನ ಚಿತ್ರ ಮಾತ್ರ.

ತಪ್ಪು ಅವನದೇ. ಯಂತ್ರ ಇಳಿಸಿದ ದಿನ ಕಾರ್ಯದರ್ಶಿ, "ಇಂಗ್ಲಿಷ್ ಓದೋರು ಯಾರಿದ್ದೀರಪ್ಪ? ಅವರೇ ಇದರ ಆಪರೇಟರ್" ಎಂದಾಗ ಹಿಂದುಮುಂದು ನೋಡದೆ ಕೈ ಎತ್ತಿಬಿಟ್ಟಿದ್ದ. ಹದಿನಾಲ್ಕು ವರ್ಷ ಕ್ಯಾನು ಹೊತ್ತು ಜಡ್ಡುಗಟ್ಟಿದ ಹೆಗಲಿಗೆ ಆ ಕೈಯನ್ನು ತಡೆಯಲಾಗಲಿಲ್ಲ. ಈಗ ಗುಟ್ಟು ಹೊರಬಿದ್ದರೆ ಮತ್ತೆ ಕ್ಯಾನು. ಅದೂ ಅಲ್ಲೇ ಕ್ಯಾನು ಹೊರುವ ಭಾವನ ಪಕ್ಕದಲ್ಲಿ. ಭಾವನ ನಾಲಿಗೆಗೆ ಸಿಕ್ಕುವುದಕ್ಕಿಂತ ಲಾರಿಯ ಗಾಲಿಗೆ ಸಿಕ್ಕುವುದು ಮೇಲು.

ನಾಳೆ ಯಂತ್ರ ಶುರುವಾಗಬೇಕು ಎನ್ನುವಾಗ ಕಾರ್ಯದರ್ಶಿ ಬೆಳಿಗ್ಗೆಯೇ ಒಬ್ಬ ಮೇಡಂ ಅವರನ್ನು ಕರೆದುಕೊಂಡು ಬಂದರು. ಮೇಡಂ ಕೈಯಲ್ಲಿ ವೈರು ಸುತ್ತಿದ ಒಂದು ಪೆಟ್ಟಿಗೆ.

"ಇವರು ಕಾಲೇಜಿನವರು. ತನ್ನದಲ್ಲದ ಭಾಷೆ ಓದುವಾಗ ಮನುಷ್ಯನಿಗೆ ಎಷ್ಟು ದಿಗಿಲಾಗುತ್ತೆ, ತಲೆ ಎಷ್ಟು ದುಡಿಯುತ್ತೆ ಅಂತ ಅಳೀತಾರಂತೆ. ನಮ್ಮಲ್ಲಿ ಇಂಗ್ಲಿಷ್ ಓದೋನು ನೀನೊಬ್ಬನೇ. ಕೂತ್ಕೋ."

"ದಿಗಿಲನ್ನ ಹೇಗೆ ಅಳೀತೀರಿ ಮೇಡಂ? ಲೀಟರ್ ಲೆಕ್ಕವೋ, ಕೆಜಿ ಲೆಕ್ಕವೋ?" ಎಂದ ಭಾವ.

ಮೇಡಂ ಆಪರೇಟರನ ಹಣೆಗೆ ಒಂದು ಪಟ್ಟಿ ಬಿಗಿದು, ಬೆರಳಿಗೆ ಒಂದು ಕ್ಲಿಪ್ಪು ಸಿಕ್ಕಿಸಿದರು. ಪೆಟ್ಟಿಗೆಯ ಪರದೆ ಬೆಳಗಿತು. ಅದರ ಮೇಲೆ ಎರಡು ಗೆರೆಗಳು, ಕೆಂಪು ಮತ್ತು ನೀಲಿ, ಹೊಸದಾಗಿ ಹಿಡಿದು ತಂದ ಹೋರಿಗಳಂತೆ ಜಿಗಿಯುತ್ತಿದ್ದವು.

"ಕೆಂಪು ನಿಮ್ಮ ದಿಗಿಲು, ನೀಲಿ ತಲೆಯ ದುಡಿಮೆ. ಪ್ರಶ್ನೆ ಏನೂ ಕೇಳಲ್ಲ. ಮನಸ್ಸಿನಲ್ಲೇ ಓದ್ಕೊಳ್ಳಿ."

ಹಾಲು ಹಾಕಲು ಬಂದವರೆಲ್ಲ ಪಾತ್ರೆ ಕೆಳಗಿಟ್ಟು ಸುತ್ತ ನಿಂತರು. ಹೆಂಡತಿಗೂ ಕಾಣದಂತೆ ಎದೆಯೊಳಗೆ ಮುಚ್ಚಿಟ್ಟಿದ್ದ ಭಯ ಹೀಗೆ ಗೆರೆಯಾಗಿ ಹತ್ತು ಜನರ ಕಣ್ಣಮುಂದೆ ಕುಣಿಯುವುದನ್ನು ಕಂಡು ಆಪರೇಟರನಿಗೇ ಮೈ ಜುಮ್ಮೆಂದಿತು.

ಅವನು ಪುಸ್ತಕ ಬಿಚ್ಚಿ, ಎಂಟು ದಿನದಿಂದ ಮಾಡಿದ್ದನ್ನೇ ಮಾಡಿದ. ಹೊಲದ ಸಾಲುಗಳನ್ನು ನೋಡುವಂತೆ ಸಾಲಿನಿಂದ ಸಾಲಿಗೆ ಕಣ್ಣು ಹಾಯಿಸಿದ. ದಿನಾ ಮಧ್ಯಾಹ್ನ ಅವನನ್ನು ನಿದ್ದೆಗೆ ತಳ್ಳುತ್ತಿದ್ದ ಪುಸ್ತಕ ಅದು. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಉಸಿರು ಹದಕ್ಕೆ ಬಂತು. ಕೆಂಪು ಗೆರೆ ಬಾಗಿತು. ನೀಲಿ ಗೆರೆ ಹೊಟ್ಟೆ ತುಂಬಿದ ಕರುವಿನಂತೆ ಪಕ್ಕದಲ್ಲೇ ಮಲಗಿತು.

ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇಷ್ಟು ಶಾಂತವಾಗಿ ಇಂಗ್ಲಿಷ್ ಓದೋರನ್ನ ನಾನು ಎಲ್ಲೂ ಕಂಡಿಲ್ಲ! ನಮ್ಮ ಪ್ರೊಫೆಸರಿಗೂ ಹೀಗೆ ಬರಲ್ಲ."

ಭಾವ ಪರದೆಯ ಹತ್ತಿರ ಬಂದು ಬಗ್ಗಿ ನೋಡಿದ.

"ಈಗ ಇದೇ ಪುಟ ನಮ್ಮ ಭಾಷೆಯಲ್ಲಿ ಓದಿ. ಎರಡನ್ನೂ ಹೋಲಿಸಬೇಕು" ಎನ್ನುತ್ತಾ ಮೇಡಂ ಇನ್ನೊಂದು ಪುಸ್ತಕ ಕೈಗಿತ್ತರು.

"ನಮ್ಮ ಭಾಷೆಯಲ್ಲೂ ಇದೆಯಾ?" ಆಪರೇಟರನ ದನಿ ಕೀರಲಾಯಿತು.

"ಯಂತ್ರ ಬಂದ ಪೆಟ್ಟಿಗೆಯ ತಳದಲ್ಲಿತ್ತು. ನಿನಗ್ಯಾಕೆ ಬೇಕು ಅಂತ ಬೀರುವಿನಲ್ಲಿಟ್ಟಿದ್ದೆ. ಮೇಡಂ ಕೇಳಿದ್ರು, ಕೊಟ್ಟೆ" ಎಂದರು ಕಾರ್ಯದರ್ಶಿ.

ಅವನು ಓದತೊಡಗಿದ. ಈ ಸಲ ನಿಜವಾಗಿಯೂ ಓದಿದ. 'ಎಡಗಡೆಯ ಹಿತ್ತಾಳೆಯ ತಿರುಪನ್ನು ಯಾವ ಕಾರಣಕ್ಕೂ ಸಡಿಲಿಸಕೂಡದು.' ಬೆಳಿಗ್ಗೆ ಧೂಳು ಒರೆಸುವಾಗ ಪಾಪ, ತೀರಾ ಬಿಗಿಯಾಗಿದೆ ಎಂದು ಒಂದೂವರೆ ಸುತ್ತು ಸಡಿಲಿಸಿದ್ದ. 'ಸಡಿಲಿಸಿದರೆ ಅನಿಲ ಹೊರಗೆ ಸೋರುವುದು. ಅನಿಲ ತಗುಲಿದ ಬೆರಳು ಮರಗಟ್ಟುವುದು.' ಬೆರಳು ನೋಡಿಕೊಂಡ. ಮರಗಟ್ಟಿತ್ತು! ಅದು ಕ್ಲಿಪ್ಪಿನ ಕೆಲಸವೆಂದು ಯೋಚಿಸುವಷ್ಟು ವ್ಯವಧಾನ ಯಾರಿಗಿತ್ತು? ಕೆಂಪು ಗೆರೆ ಪರದೆಯ ನೆತ್ತಿಗೆ ಹೋಗಿ ಗುದ್ದಿತು. ಪೆಟ್ಟಿಗೆ ಕೀಂಯ್ ಎಂದು ಕೂಗಿಕೊಂಡಿತು.

ಆಪರೇಟರ್ ಎದ್ದು ಯಂತ್ರದ ಕಡೆ ಓಡಿದ. ವೈರಿನ ಹಿಂದೆ ಪೆಟ್ಟಿಗೆ, ಪೆಟ್ಟಿಗೆಯನ್ನು ತಬ್ಬಿಕೊಂಡು ಮೇಡಂ, ಮೇಡಂ ಹಿಂದೆ ಊರು. ಒರೆಸುವವನಂತೆ ನಟಿಸುತ್ತಾ ತಿರುಪನ್ನು ಒಂದೂವರೆ ಸುತ್ತು ಬಿಗಿಮಾಡಿ, ಅಲ್ಲೇ ಗೋಡೆಗೊರಗಿ ಏದುಸಿರು ಬಿಟ್ಟ.

"ನಾಲ್ಕು ಸಾಲು ಓದಿ ಕಂಬಿ ಕೀಳೋನನ್ನ ಇವತ್ತೇ ನೋಡಿದ್ದು" ಎಂದ ಭಾವ.

ಮೇಡಂ ನಗಲಿಲ್ಲ. ಅವರ ಕಣ್ಣು ಹೊಳೆಯುತ್ತಿತ್ತು. "ನಗಬೇಡಿ. ಇಂಥವರು ಸಾವಿರಕ್ಕೊಬ್ಬರು. ಇವರ ಮನಸ್ಸಿನ ಭಾಷೆ ಇಂಗ್ಲಿಷು! ನಮ್ಮ ಭಾಷೆಯೇ ಇವರಿಗೆ ಪರಭಾಷೆ."

ಹಾಲು ಹಾಕಲು ಬಂದಿದ್ದ, ಅವನನ್ನು ಸಾಕಿದ ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ತೊಟ್ಟಿಲಲ್ಲಿ ಇವನು ಯಾಕೆ ಅಳ್ತಾನೆ ಅಂತ ಒಂದಿನಾನೂ ಗೊತ್ತಾಗ್ಲಿಲ್ಲ ಕಣವ್ವ. ಇಂಗ್ಲಿಷಲ್ಲಿ ಅಳ್ತಿದ್ದ ಅಂತ ಈಗ ತಿಳೀತು."

ಆಪರೇಟರನಿಗೆ ಇದಾವುದೂ ಬೇಕಿರಲಿಲ್ಲ. ಅವನ ಕಣ್ಣೆಲ್ಲ ಆ ಎರಡನೇ ಪುಸ್ತಕದ ಮೇಲಿತ್ತು. ಮನೆಗೊಯ್ದು ಸಂಜೆಯೊಳಗೆ ಓದಿ ಮುಗಿಸಿದರೆ ನಾಳೆ ಗೆದ್ದಂತೆಯೇ. ಅವನು ಮೆಲ್ಲಗೆ ಕೈ ಚಾಚಿದ.

ಕಾರ್ಯದರ್ಶಿ ಪುಸ್ತಕವನ್ನು ಹಿಂದಕ್ಕೆಳೆದುಕೊಂಡರು. "ಬೇಡಪ್ಪ! ಹಿಂಸೆ ಪಟ್ಟಿದ್ದು ಸಾಕು. ನನ್ನ ಮಾತಿಗೆ ಕಟ್ಟುಬಿದ್ದು ಇದನ್ನೂ ಓದೋಕೆ ಹೋಗ್ಬೇಡ."

"ಪರವಾಗಿಲ್ಲ ಸಾರ್, ಹೇಗೋ ಕಷ್ಟಪಟ್ಟು..."

"ನಿನ್ನ ಸಂಕೋಚ ನಂಗೊತ್ತಿಲ್ವಾ? ಪಕ್ಕದೂರಿನ ಕೇಂದ್ರಕ್ಕೂ ಇಂಥದ್ದೇ ಯಂತ್ರ ಬಂದಿದೆ, ಅಲ್ಲಿಗೆ ಇಂಗ್ಲಿಷ್ ಪುಸ್ತಕ ಮಾತ್ರ ಬಂದಿದೆಯಂತೆ. ಅಲ್ಲಿಯ ಆಪರೇಟರ್ ಪಾಪ, ತನಗೆ ಇಂಗ್ಲಿಷ್ ಬರಲ್ಲ ಅಂತ ಮೊದಲ ದಿನಾನೇ ಒಪ್ಕೊಂಡ. ಈ ಪುಸ್ತಕ ಅವನಿಗಿರಲಿ."

ಹೊರಡಲು ನಿಂತಿದ್ದ ಹಾಲಿನ ವ್ಯಾನಿನ ಕಿಟಕಿಯೊಳಗೆ ಪುಸ್ತಕ ಹೋಯಿತು. ವ್ಯಾನು ಒಮ್ಮೆ ಗುರುಗುಟ್ಟಿ ತಿರುವಿನಲ್ಲಿ ಮರೆಯಾಯಿತು.

ಕಾರ್ಯದರ್ಶಿ ಇಂಗ್ಲಿಷ್ ಪುಸ್ತಕವನ್ನು ಅವನ ಕೈಯಲ್ಲಿಟ್ಟು ಬೆನ್ನು ತಟ್ಟಿದರು. "ನಾಳೆ ಆರು ಗಂಟೆಗೆ ಶುರು ಮಾಡು. ಇಡೀ ಊರಿನ ಹಾಲು ಇನ್ನು ನಿನ್ನ ಕೈಲಿ."

ಅವನ ಹಣೆಯ ಪಟ್ಟಿ, ಬೆರಳಿನ ಕ್ಲಿಪ್ಪು ಇನ್ನೂ ಹಾಗೇ ಇದ್ದವು. ಪೆಟ್ಟಿಗೆ ಮತ್ತೆ ಕೀಂಯ್ ಎಂದಿತು. ಮೇಡಂ ಪರದೆಯನ್ನು ನೋಡಿದರು, ಅವನನ್ನು ನೋಡಿದರು, ಮತ್ತೆ ಪರದೆಯನ್ನು ನೋಡಿದರು.

"ಇದೇನಿದು? ಈಗ ಇವರು ಏನನ್ನೂ ಓದ್ತಾನೇ ಇಲ್ವಲ್ಲ!"