ಕನಜಾವಾದ ಬೀದಿಯಲ್ಲಿ ನನ್ನ ಸೊಂಟ

ನಾನು ವೃತ್ತಿಯಿಂದ ಪ್ರಾಜೆಕ್ಟ್ ಮ್ಯಾನೇಜರ್. ಅಂದರೆ, ಬೇರೆಯವರು ಮಾಡುವ ಕೆಲಸಕ್ಕೆ ಪಟ್ಟಿ ಬರೆದು, ಆ ಪಟ್ಟಿಗೊಂದು ಪಟ್ಟಿ ಬರೆದು, ಎಲ್ಲವೂ ಸುಸೂತ್ರವಾಗಿ ನಡೆಯುತ್ತಿದೆ ಎಂದು ಮೇಲಿನವರಿಗೆ ವರದಿ ಒಪ್ಪಿಸುವವನು. ಇಂಥವನಿಗೆ ಒಂದು ಮದುವೆಯ ವಾರ್ಷಿಕೋತ್ಸವ ನಡೆಸುವುದು ಯಾವ ಮಹಾ ಕೆಲಸ ಎಂದುಕೊಂಡಿದ್ದೆ.

ಅದು ಕೊರೊನಾದ ಎರಡನೆಯ ವರ್ಷದ ಫೆಬ್ರುವರಿ. ಐರ್ಲೆಂಡಿನಲ್ಲಿ ಯಾರೂ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ಡಬ್ಲಿನ್ನಿನ ಲೆಪರ್ಡ್ಸ್‌ಟೌನ್‌ನ ನಮ್ಮ ಮನೆಯ ಸುತ್ತಲಿನ ಐದು ಕಿಲೋಮೀಟರಿನಲ್ಲಿ ಇದ್ದದ್ದು ಒಂದು ರೇಸ್‌ಕೋರ್ಸ್, ಒಂದಷ್ಟು ಖಾಲಿ ಆಫೀಸುಗಳು, ಎರಡು ಸೂಪರ್‌ಮಾರ್ಕೆಟ್. ರೇಸ್‌ಕೋರ್ಸಿನಲ್ಲಿ ಕುದುರೆಗಳು ನೋಡುವವರಿಲ್ಲದೆ ಓಡುತ್ತಿದ್ದವು. ನಾವು ಓಡುವುದಕ್ಕೂ ಕಾರಣವಿಲ್ಲದೆ ಮನೆಯಲ್ಲಿ ಕೂತಿದ್ದೆವು.

ನಾವು ಅಂದರೆ ನಾನು, ಒಂಬತ್ತು ವರ್ಷದ ಮಗಳು ಇಳಾ ಮತ್ತು ನಮ್ಮ ಅತ್ತೆ. ಅತ್ತೆ ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದವರು. ವಿಮಾನ ನಿಂತಿತು, ಆಮೇಲೆ ವಿಮಾನ ಹಾರಿದರೂ ಅತ್ತೆಗೆ ಅದರ ಮೇಲಿನ ನಂಬಿಕೆ ನಿಂತುಹೋಗಿತ್ತು. ಹೀಗೆ ವರ್ಷವಾಗಿತ್ತು.

ನನ್ನ ಹೆಂಡತಿ ಸುಮಾ ಮಾತ್ರ ದಿನಾ ಹೊರಗೆ ಹೋಗುತ್ತಿದ್ದಳು. ಅವಳು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಮೊದಲಾದರೆ ಮಂಡಿ, ಬೆನ್ನು, ಭುಜ. ಈಗ ಕೋವಿಡ್ ವಾರ್ಡು. ವಾರಗಟ್ಟಲೆ ಮಲಗಿದವರನ್ನು ಹಿಡಿದು ಎಬ್ಬಿಸಿ, ಎರಡು ಹೆಜ್ಜೆ, ನಾಲ್ಕು ಹೆಜ್ಜೆ ನಡೆಸುವುದು ಅವಳ ಕೆಲಸ. ಸಂಜೆ ಮನೆಗೆ ಬಂದರೆ ಮೂಗಿನ ಮೇಲೆ ಮಾಸ್ಕಿನ ಗೆರೆ ಇರುತ್ತಿತ್ತು, ಮಾತಿರುತ್ತಿರಲಿಲ್ಲ. ಕ್ರಿಸ್‌ಮಸ್ ಆದಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ನನಗೆ ಅದು ತುಂಬ ನೋವಿನ ವಿಷಯವಾಗಿತ್ತು.

ಅವಳಿಗೆ ಒಂದು ಹಳೆಯ ಆಸೆ. ಜಪಾನಿನ ಕನಜಾವಾ ಎಂಬ ಹಳೆಯ ಊರಿನ ಬೀದಿಗಳಲ್ಲಿ ಸುಮ್ಮನೆ ನಡೆಯಬೇಕು. ಹಿಂದಿನ ವರ್ಷ ವಾರ್ಷಿಕೋತ್ಸವಕ್ಕೆ ಟಿಕೆಟ್ಟೂ ಮಾಡಿಸಿದ್ದೆವು. ಕೊರೊನಾ ಅದನ್ನು ನುಂಗಿತು. ಈ ವರ್ಷ ವಾರ್ಷಿಕೋತ್ಸವದ ದಿನ ಅವಳಿಗೆ ರಜೆ ಸಿಕ್ಕಿತು. ಆರು ವಾರದಲ್ಲಿ ಪೂರ್ತಿ ರಜೆ ಅಂತ ಸಿಕ್ಕಿದ್ದು ಅದೊಂದೇ. ಆ ದಿನ ಅವಳು ಕೆಲಸವನ್ನು ಮರೆತು ಒಮ್ಮೆಯಾದರೂ ನಗಬೇಕು. ಇದು ನನ್ನ ಪ್ರಾಜೆಕ್ಟಿನ ಏಕೈಕ ಗುರಿ.

ಇಂಟರ್‌ನೆಟ್ಟಿನಲ್ಲಿ ಜಾಲಾಡಿ ಒಬ್ಬ ಗೈಡನ್ನು ಹಿಡಿದೆ. ಮಿಚಿಕೊ ಎಂಬ ಅರವತ್ತರ ಹೆಂಗಸು. ಪ್ರವಾಸಿಗರಿಲ್ಲದೆ ಅವರೂ ಕೈಕಟ್ಟಿ ಕೂತಿದ್ದರು. ಈಗ ಫೋನು ಹಿಡಿದು ತಾವು ಊರೆಲ್ಲ ನಡೆಯುವುದು, ನಾವು ಮನೆಯಲ್ಲಿ ಕೂತು ವಿಡಿಯೋ ಕಾಲಿನಲ್ಲಿ ನೋಡುವುದು, ಹೀಗೊಂದು ಏರ್ಪಾಡು ಮಾಡಿಕೊಂಡಿದ್ದರು. ನಮ್ಮ ಬೆಳಗಿನ ಏಳು ಗಂಟೆಗೆ ಅಲ್ಲಿ ಸಂಜೆ ನಾಲ್ಕು. ಒಂದೂವರೆ ಗಂಟೆಯ ನಡಿಗೆ.

ಇಷ್ಟಕ್ಕೇ ಬಿಟ್ಟಿದ್ದರೆ ನಾನು ಇವತ್ತು ನೆಟ್ಟಗೆ ನಿಂತು ಈ ಕಥೆ ಹೇಳುತ್ತಿದ್ದೆ. ಆದರೆ ನಾನು ಪ್ರಾಜೆಕ್ಟ್ ಮ್ಯಾನೇಜರ್. ಜಪಾನಿನವರ ನಡವಳಿಕೆ ಬಹಳ ಸೂಕ್ಷ್ಮ ಎಂದು ಎಲ್ಲೋ ಓದಿದ್ದೆ. ಪೂರ್ತಿ ಓದಲಿಲ್ಲ, ಮುಕ್ಕಾಲು ಭಾಗ ಓದಿದೆ. ಅಷ್ಟರಲ್ಲೇ ಹನ್ನೊಂದು ಅಂಶಗಳ ಶಿಷ್ಟಾಚಾರ ಸೂಚಿಯೊಂದನ್ನು ತಯಾರಿಸಿ, ಪ್ರಿಂಟ್ ತೆಗೆದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಏಳನೆಯ ಅಂಶ: ಎದುರಿನವರು ಬಾಗಿದರೆ ನಾವು ಅವರಿಗಿಂತ ಒಂದು ಗೇಣು ಹೆಚ್ಚು ಬಾಗತಕ್ಕದ್ದು. ಎಂಟನೆಯದು: ಎದುರಿನವರಿಗಿಂತ ಮೊದಲು ತಲೆ ಎತ್ತತಕ್ಕದ್ದಲ್ಲ. ಒಂಬತ್ತನೆಯದು: ಕರೆಯನ್ನು ನಾವಾಗಿ ಕಡಿಯತಕ್ಕದ್ದಲ್ಲ.

ಸುಮಾ ಹಿಂದಿನ ಸಂಜೆ ಹಾಲು ತೆಗೆಯಲು ಹೋದವಳು ಅದನ್ನು ಓದಿದಳು.

"ರೀ, ಇದೇನಿದು ಬಾಗೋದು?"

"ಮರ್ಯಾದೆ ಕಣೆ."

"ಒಂದು ವರ್ಷದಿಂದ ಊಟದ ಟೇಬಲ್ ಕುರ್ಚಿಲಿ ಕೂತು ಆಫೀಸ್ ಕೆಲಸ ಮಾಡ್ತಿದ್ದೀರ. ನಿಮ್ಮ ಬೆನ್ನು ಹಲಗೆ ಥರ ಆಗಿದೆ. ಬೆಳಿಗ್ಗೆ ಎದ್ದ ತಕ್ಷಣ ಹಂಗೆಲ್ಲ ಬಗ್ಗಬೇಡಿ."

"ನಾನು ಕಾಲೇಜಲ್ಲಿ ಖೋಖೋ ಆಡಿದವನು," ಎಂದೆ.

"ಯಾವ ಶತಮಾನದಲ್ಲಿ?" ಎಂದು ಕೇಳಿ ಅವಳು ಮಲಗಲು ಹೋದಳು.

ಮರುದಿನ ಬೆಳಿಗ್ಗೆ ಏಳಕ್ಕೆ ಸರಿಯಾಗಿ ನಾವೆಲ್ಲ ಊಟದ ಟೇಬಲ್ಲಿನ ಮುಂದೆ ಹಾಜರು. ಹೊರಗಿನ್ನೂ ಕತ್ತಲೆ. ಅಕ್ಕಿ ಡಬ್ಬದ ಮೇಲೆ ನನ್ನ ಆಫೀಸಿನ ಲ್ಯಾಪ್‌ಟಾಪ್, ಬೆರಳಿನಿಂದ ಮುಟ್ಟಿದರೆ ಕೆಲಸ ಮಾಡುವ ಪರದೆಯದು. ಅತ್ತೆ ರೇಷ್ಮೆ ಸೀರೆ ಉಟ್ಟಿದ್ದರು. ಪರದೇಶದ ಹೆಂಗಸಿನ ಮುಂದೆ ನೈಟಿಯಲ್ಲಿ ಕೂರುವುದು ಮೈಸೂರಿಗೆ ಅವಮಾನವಂತೆ. ಇಳಾ ಪೈಜಾಮಾದಲ್ಲಿದ್ದಳು. ಸುಮಾ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

ಮಿಚಿಕೊ ಪರದೆಯ ಮೇಲೆ ಬಂದು ಬಾಗಿದರು. ನಾನು ಎದ್ದು ನಿಂತು ಒಂದು ಗೇಣು ಹೆಚ್ಚು ಬಾಗಿದೆ. ಅವರು ಮತ್ತೆ ಬಾಗಿದರು. ನಾನೂ ಮತ್ತೆ ಬಾಗಿದೆ.

"ಡ್ಯಾಡ್, ಸ್ಟಾಪ್," ಎಂದಳು ಇಳಾ, ಅವಳ ಡಬ್ಲಿನ್ ಧಾಟಿಯಲ್ಲಿ. "ಯು ಲುಕ್ ಲೈಕ್ ಎ ಚಿಕನ್."

ಆದರೆ ನಡಿಗೆ ಶುರುವಾದಮೇಲೆ ನಾನು ನನ್ನ ಸೂಚಿಯನ್ನೇ ಮರೆತೆ. ಅಷ್ಟು ಚೆನ್ನಾಗಿತ್ತು. ಮೊದಲು ಹಳೆಯ ಯೋಧರ ಮನೆಗಳಿದ್ದ ಕೇರಿ. ಕಿರಿದಾದ ಬೀದಿ, ಪಕ್ಕದಲ್ಲಿ ಸಣ್ಣ ಕಾಲುವೆ, ಉದ್ದಕ್ಕೂ ಮಣ್ಣಿನ ಗೋಡೆ. ಹಿಮಕ್ಕೆ ಮಣ್ಣು ಬಿರಿಯಬಾರದೆಂದು ಆ ಗೋಡೆಗಳಿಗೆ ಹುಲ್ಲಿನ ಚಾಪೆ ಹೊದಿಸಿದ್ದರು.

"ನೋಡೇ ಸುಮಾ, ಗೋಡೆಗೂ ಚಳಿ ಆಗತ್ತೆ ಅಂತ ಹೊದಿಸಿದ್ದಾರೆ," ಎಂದರು ಅತ್ತೆ. "ಎಂಥ ಒಳ್ಳೆ ಜನ."

ಆಮೇಲೆ ಮರದ ಜಾಲರಿಯ ಕಿಟಕಿಗಳಿರುವ ಹಳೆಯ ಟೀ ಮನೆಗಳ ಬೀದಿ. ಒಂದು ಅಂಗಡಿಯಲ್ಲಿ ಐಸ್‌ಕ್ರೀಮಿನ ಮೇಲೆ ಚಿನ್ನದ ರೇಕು ಅಂಟಿಸಿ ಕೊಡುತ್ತಿದ್ದರು. ಅತ್ತೆ ಕುರ್ಚಿಯನ್ನು ಮುಂದಕ್ಕೆಳೆದರು.

"ಚಿನ್ನ ತಿಂತಾರಾ? ರಘು, ಕೇಳಿ ಅವರನ್ನ, ಕರಗಿಸಿ ಬಳೆ ಮಾಡ್ಸಕ್ಕಾಗಲ್ವಾ ಅಂತ."

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಬಹಳ ತೆಳು, ಒಂದು ಬಳೆಗೆ ಜೀವಮಾನವಿಡೀ ಐಸ್‌ಕ್ರೀಮ್ ತಿನ್ನಬೇಕಾದೀತು ಎಂದರು ಮಿಚಿಕೊ. ಅತ್ತೆಗೆ ಅವರ ಮೇಲೆ ಅಭಿಮಾನ ಉಕ್ಕಿತು. ಮದುವೆಯಾಗಿದೆಯೇ, ಮಕ್ಕಳೆಷ್ಟು ಎಂದು ನನ್ನಿಂದ ಕೇಳಿಸಿದರು. ಗಂಡ ಮನೆಯಲ್ಲಿ ಅಡುಗೆ ಮಾಡಿ ಕಾಯುತ್ತಿದ್ದಾರೆ, ಐದೂಮುಕ್ಕಾಲಿನ ಬಸ್ಸು ಹಿಡಿಯಬೇಕು, ಅದು ತಪ್ಪಿದರೆ ಮುಂದಿನದು ಒಂದು ಗಂಟೆ ತಡ ಎಂಬ ಉತ್ತರ ಬಂತು. ಗಂಡ ಅಡುಗೆ ಮಾಡುತ್ತಾರೆ ಎಂಬುದನ್ನು ಅತ್ತೆ ಎರಡು ಸಲ ಅನುವಾದ ಮಾಡಿಸಿಕೊಂಡರು. ಎರಡನೆಯ ಸಲ ನನ್ನನ್ನೇ ನೋಡುತ್ತಿದ್ದರು.

ನಾನು ಓರೆಗಣ್ಣಿನಿಂದ ಸುಮಾಳನ್ನು ನೋಡಿದೆ. ಬೀದಿಯಲ್ಲಿ ಒಂದೊಂದೇ ದೀಪ ಹೊತ್ತುತ್ತಿತ್ತು. ಅವಳ ಮುಖ ಸಡಿಲವಾಗಿತ್ತು. "ಎಷ್ಟು ಆರಾಮಾಗಿ ನಡೀತಾರೆ ಜನ," ಎಂದಳು ಮೆಲ್ಲಗೆ. ಇನ್ನೂ ನಕ್ಕಿರಲಿಲ್ಲ, ಆದರೆ ನಗುವಿನ ಹತ್ತಿರದಲ್ಲೆಲ್ಲೋ ಇದ್ದಳು. ಪ್ರಾಜೆಕ್ಟು ಶೇಕಡಾ ತೊಂಬತ್ತು ಮುಗಿದಿತ್ತು.

ಉಳಿದದ್ದು ಬೀಳ್ಕೊಡುಗೆ.

ಐದೂವರೆಗೆ ಮಿಚಿಕೊ ಫೋನನ್ನು ಒಂದು ಕಲ್ಲುಕಟ್ಟೆಯ ಮೇಲೆ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಧನ್ಯವಾದ ಹೇಳಿ ಬಾಗಿದರು. ನಾವೂ ಬಾಗಿದೆವು. ಅವರು ಕಾದರು. ನಾವೂ ಕಾದೆವು. ಅವರು ಮುಗುಳ್ನಕ್ಕು ಮತ್ತೆ ಬಾಗಿದರು. ನಾನು ಇನ್ನೂ ಕೆಳಗೆ ಬಾಗಿದೆ.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಹೊರಡುತ್ತೇವೆಂದು ಎದ್ದು, ಬಾಗಿಲಲ್ಲಿ ಕಾಲು ಗಂಟೆ, ಮೆಟ್ಟಿಲಲ್ಲಿ ಕಾಲು ಗಂಟೆ, ಗೇಟಿನಲ್ಲಿ ಅರ್ಧ ಗಂಟೆ ಮಾತಾಡಿದರೇ ಅದು ಹೊರಟ ಹಾಗೆ. ಅತ್ತೆಗೆ ಇದರಲ್ಲಿ ಯಾವ ಅವಸರವೂ ಕಾಣಲಿಲ್ಲ. "ಪಾಪ, ಅವರಿಗೆ ನಮ್ಮನ್ನ ಬಿಟ್ಟುಹೋಗಕ್ಕೆ ಮನಸ್ಸಿಲ್ಲ," ಎಂದು ಕಣ್ಣೊರೆಸಿಕೊಂಡರು.

"ರೀ, ಕಾಲ್ ಕಟ್ ಮಾಡಿ," ಎಂದಳು ಸುಮಾ. "ಅವರಿಗೆ ಬಸ್ಸಿದೆ."

"ಒಂಬತ್ತನೇ ಅಂಶ," ಎಂದೆ ನಾನು ಬಾಗಿದಲ್ಲಿಂದಲೇ. "ಅವರೇ ಮಾಡಬೇಕು."

ಒಂಬತ್ತನೆಯ ಬಾರಿ ಬಾಗಿದಾಗ ಸೊಂಟದಲ್ಲಿ ಏನೋ ಲಟಕ್ಕೆಂದಿತು. ಆಮೇಲೆ ನಾನು ಮೇಲೇಳಲಿಲ್ಲ. ಏಳಲು ಪ್ರಯತ್ನಿಸಿದೆ. ಮನಸ್ಸು ಎದ್ದಿತು, ಸೊಂಟ ಏಳಲಿಲ್ಲ. ಮೇಜಿನ ಅಂಚು ಹಿಡಿದು, ನೆಲದ ಮೇಲಿನ ಒಂದು ಅವಲಕ್ಕಿ ಕಾಳನ್ನು ನೋಡುತ್ತ ಹಾಗೇ ನಿಂತೆ.

ಅತ್ತ ಕನಜಾವಾದಲ್ಲಿ ಏನಾಯಿತು ಎಂಬುದನ್ನು ಇಳಾ ಆಮೇಲೆ ಹೇಳಿದಳು. ಅತಿಥಿ ಇಷ್ಟು ಆಳವಾಗಿ ಬಾಗಿ ತಲೆಯನ್ನೇ ಎತ್ತದಿರುವುದನ್ನು ಕಂಡ ಆ ತಾಯಿ, ಮೊದಲು ಗಾಬರಿಯಾದರಂತೆ. ಆಮೇಲೆ ತಾವೂ ಅಷ್ಟೇ ಆಳಕ್ಕೆ ಬಾಗಿ, ಅಲ್ಲೇ ನಿಂತುಬಿಟ್ಟರಂತೆ. ಅತಿಥಿ ಏಳದೆ ಅವರು ಏಳುವಂತಿಲ್ಲ. ನಾನು ಏಳುವ ಸ್ಥಿತಿಯಲ್ಲಿಲ್ಲ. ಹೀಗೆ ಭೂಮಿಯ ಎರಡು ತುದಿಗಳಲ್ಲಿ ಇಬ್ಬರು ಸಂಭಾವಿತರು ಪರಸ್ಪರ ಗೌರವದಿಂದ ಕುಗ್ಗಿ ನಿಂತಿದ್ದಾಗ, ಐದೂಮುಕ್ಕಾಲಿನ ಬಸ್ಸು ತನ್ನ ಪಾಡಿಗೆ ತಾನು ಬರುತ್ತಿತ್ತು.

"ಸುಮಾ," ಎಂದೆ. "ನನಗೆ ಏಳಕ್ಕಾಗ್ತಿಲ್ಲ."

"ನಾಟಕ ಮಾಡಬೇಡಿ."

"ದೇವರಾಣೆ."

ಸುಮಾ ಲೋಟ ಇಟ್ಟು ಓಡಿಬಂದಳು. ಅವಳ ಕೈ ನನ್ನ ಸೊಂಟಕ್ಕೆ ಬಿದ್ದಿತು. "ಅಲ್ಲಾಡಬೇಡಿ. ಉಸಿರು ಬಿಡಿ. ಇಳಾ, ಚಾಪೆ ತಾ." ಅದು ವಾರ್ಡಿನ ಧ್ವನಿ. ನನಗೆ ನೋವಿಗಿಂತ ಹೆಚ್ಚಾಗಿ ಆ ಧ್ವನಿಗೆ ಅಳು ಬಂತು. ಯಾವುದನ್ನು ಅವಳು ಒಂದು ದಿನ ಮರೆಯಲಿ ಎಂದು ಇಷ್ಟೆಲ್ಲ ಮಾಡಿದ್ದೆನೋ, ಅದನ್ನೇ ಮನೆಗೆ ತಂದಿದ್ದೆ.

"ಅಯ್ಯೋ, ಆ ಬಸ್ಸು! ಯಾರಾದ್ರೂ ಕಾಲ್ ಕಟ್ ಮಾಡ್ರೋ," ಎಂದೆ ನೆಲಕ್ಕೆ.

ಮಾಡುವವರು ಯಾರು? ಸುಮಾಳ ಎರಡೂ ಕೈ ನನ್ನ ಸೊಂಟದ ಮೇಲೆ. ಇಳಾ ಚಾಪೆ ತರಲು ಮೇಲೆ ಓಡಿದ್ದಳು. ಉಳಿದವರು ಅತ್ತೆ. ಅವರು ದೇವರ ಮನೆಯಿಂದ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಗಂಭೀರವಾಗಿ ಬರುತ್ತಿದ್ದರು.

"ಮುತ್ತೈದೆ, ಗಂಡ ಊಟಕ್ಕೆ ಕಾಯ್ತಿದ್ದಾರೆ. ಮನೇಗ್ ಬಂದೋರನ್ನ ಬರೀ ಹಣೇಲಿ ಕಳಿಸಕ್ಕಾಗತ್ತಾ?"

ಸುಮಾ ಕಂಡಂತೆ, ಮಿಚಿಕೊ ಬಾಗಿದ್ದರಿಂದ ಅವರ ತಲೆ ಪರದೆಯ ಕೆಳಗಿನ ಬಲಮೂಲೆಗೆ ಬಂದಿತ್ತು. ಕರೆ ಮುಗಿಸುವ ಕೆಂಪು ಗುಂಡಿ ಇರುವುದೂ ಅಲ್ಲೇ. ಅತ್ತೆ ಕೆನ್ನೆಯ ಅಂದಾಜಿಗೆ ಅರಿಶಿನ ಹಚ್ಚಿದರು. ಕಂಪ್ಯೂಟರು, ನಿಜವಾಗಿಯೂ ಹೊರಡುವಿರಾ ಎಂದು ಕೇಳಿತು. ಅತ್ತೆ ಹಣೆಯ ಅಂದಾಜಿಗೆ ಕುಂಕುಮ ಇಟ್ಟರು. ಕರೆ ಕಡಿಯಿತು.

"ಹೋಗಿಬಿಟ್ಟಳಲ್ಲೇ," ಎಂದರು ಅತ್ತೆ, ಕಪ್ಪಾದ ಪರದೆಯ ಮೇಲಿನ ಕುಂಕುಮ ನೋಡುತ್ತ. "ನಮ್ಮ ಕುಂಕುಮಕ್ಕೇ ಕಾದಿದ್ದಳು ನೋಡು, ಪುಣ್ಯಾತ್ಗಿತ್ತಿ."

ಆಗ ನನ್ನ ಸೊಂಟದ ಮೇಲಿದ್ದ ಕೈಗಳು ನಡುಗತೊಡಗಿದವು. ಸುಮಾ ಅಳುತ್ತಿದ್ದಾಳೆಂದುಕೊಂಡೆ. ಅಳುತ್ತಿರಲಿಲ್ಲ. ನಗುತ್ತಿದ್ದಳು. ಮೊದಲು ಸದ್ದಿಲ್ಲದೆ, ಆಮೇಲೆ ಸದ್ದು ಮಾಡಿ, ಆಮೇಲೆ ನನ್ನ ಬೆನ್ನಿಗೇ ಹಣೆ ಒರಗಿಸಿಕೊಂಡು. ಅವಳು ನಕ್ಕಷ್ಟೂ ನನ್ನ ಸೊಂಟ ಅಲುಗಿ ಪ್ರಾಣ ಹೋಗುತ್ತಿತ್ತು. ಆದರೂ ನಿಲ್ಲಿಸು ಎನ್ನಲು ಮನಸ್ಸು ಬರಲಿಲ್ಲ. ಕಾಯುತ್ತಿದ್ದ ನಗು ಅದು.

ಬೆಳಕು ಹರಿದಿತ್ತು. ಎದುರು ಮನೆಯ ಮೊರೀನ್ ನಾಯಿಯನ್ನು ಅಡ್ಡಾಡಿಸಲು ಬಂದವರು ನಮ್ಮ ಕಿಟಕಿಯಲ್ಲಿ ರೇಷ್ಮೆ ಸೀರೆಯ ವೃದ್ಧೆ, ಬಾಗಿ ನಿಂತ ಗಂಡಸು, ಅವನ ಬೆನ್ನಿನ ಮೇಲೆ ಬಿದ್ದು ನಗುವ ಹೆಂಗಸನ್ನು ಕಂಡು ನಿಂತುಬಿಟ್ಟರು. ಎರಡು ಮೀಟರ್ ದೂರದಿಂದಲೇ, "ಆರ್ ಯೆ ಗ್ರ್ಯಾಂಡ್?" ಎಂದು, ಅಂದರೆ ಎಲ್ಲ ಕ್ಷೇಮವೇ ಎಂದು, ಇಲ್ಲಿನವರ ಮಾತಿನಲ್ಲಿ ಕೂಗಿದರು.

"ಗ್ರ್ಯಾಂಡ್," ಎಂದೆ ನೆಲವನ್ನು ನೋಡುತ್ತ.

ಮಧ್ಯಾಹ್ನ ಚಾಪೆಯ ಮೇಲೆ ಬೋರಲು ಬಿದ್ದಿದ್ದಾಗ ಮಿಚಿಕೊ ಅವರ ಮೇಲ್ ಬಂತು. ಇಳಾ ಓದಿ ಹೇಳಿದಳು. ಬಸ್ಸು ಸಿಕ್ಕಿತಂತೆ, ಓಡಿ ಹಿಡಿದರಂತೆ. ಇಷ್ಟು ವರ್ಷದಲ್ಲಿ ಯಾವ ಅತಿಥಿಯೂ ತಮಗೆ ಇಷ್ಟು ದೀರ್ಘವಾಗಿ ವಂದಿಸಿರಲಿಲ್ಲ, ಗಂಡನಿಗೆ ಹೇಳಿ ಇಬ್ಬರೂ ಕಣ್ಣೀರು ಹಾಕಿದೆವು ಎಂದು ಬರೆದಿದ್ದರು. ನಾನು ಮಲಗಿದಲ್ಲೇ ಉಬ್ಬಿದೆ. ಉಬ್ಬಿದ್ದಕ್ಕೂ ನೋವಾಯಿತು.

"ಡ್ಯಾಡ್," ಎಂದಳು ಇಳಾ. ನಾನು ಓದದೇ ಬಿಟ್ಟಿದ್ದ ಕಾಲು ಭಾಗವನ್ನು ಅವಳು ಹುಡುಕಿ ಓದಿದ್ದಳು. ಅದರಲ್ಲಿ ಇದ್ದದ್ದಿಷ್ಟು: ಅತಿಥಿಯೇ ಮೊದಲು ಹೊರಡಬೇಕು. ಅಲ್ಲಿಯವರೆಗೆ ಬೀಳ್ಕೊಡುವವರು ಕದಲುವುದಿಲ್ಲ.

ಸಂಜೆ ಸುಮಾ ಫ್ರಿಜ್ಜಿನ ಬಾಗಿಲಿನಿಂದ ನನ್ನ ಸೂಚಿಯನ್ನು ಕಿತ್ತು, ಅದರ ಹಿಂಬದಿಯಲ್ಲೇ ಹನ್ನೊಂದು ವ್ಯಾಯಾಮಗಳನ್ನು ಬರೆದು ಮತ್ತೆ ಅಂಟಿಸಿದಳು. ಬರೆಯುವಾಗಲೂ ನಡುನಡುವೆ ಕಿಸಕ್ಕೆನ್ನುತ್ತಿದ್ದಳು. ಕೊನೆಯಲ್ಲಿ ಆಸ್ಪತ್ರೆಯ ರೂಢಿಯಂತೆ ಒಂದು ಸಾಲು ಸೇರಿಸಿದಳು: ಮುಂದಿನ ತಪಾಸಣೆ, ನನ್ನ ಮುಂದಿನ ರಜಾದಿನ.

ಹೆಂಡತಿಗೆ ಒಂದು ದಿನ ಕೆಲಸ ತಪ್ಪಿಸಲು ಹೊರಟವನು ಹೀಗೆ ಅವಳ ಎರಡು ರಜೆಗೆ ಕೆಲಸ ಕೊಟ್ಟೆ. ಪ್ರಾಜೆಕ್ಟು ಮಾತ್ರ ಯಶಸ್ವಿಯಾಗಿ ಮುಗಿಯಿತೆಂದೇ ನನ್ನ ವರದಿ. ಮಲಗಿಕೊಂಡೇ ಬರೆದೆ.